ಕೆರೆಯ ಮೀನಿಗೂ ಸೀಸದ ವಿಷ



ಗಣೇಶನ ಹಬ್ಬ ಬಂತೆಂದರೆ ಬಣ್ಣದ ಮೂರ್ತಿಗಳು ಕೆರೆಗಿಳಿಯುತ್ತವೆ. ಆ ಬಣ್ಣದಲ್ಲಿ ಸೀಸವಿದ್ದರೆ ಅದು ಕೊಳೆತು ಹೋಗುವುದಿಲ್ಲ. ಹೂಳಿನಲ್ಲಿ ಉಳಿದು, ಕಿವಿರು ಮತ್ತು ಆಹಾರದ ಮೂಲಕ ಮೀನಿನ ಮೈ ಸೇರುತ್ತದೆ. ಅಲ್ಲಿ ರಕ್ತ ಹುಟ್ಟುವುದನ್ನು ತಡೆಯುತ್ತದೆ. ನರಗಳನ್ನು ಕೆಡಿಸಿ ಬಾಲ ಕಪ್ಪಾಗಿಸುತ್ತದೆ, ಬೆನ್ನೆಲುಬು ಬಾಗಿಸುತ್ತದೆ. ಗಡಸು ನೀರಿಗಿಂತ ಮೆದು ನೀರಿನಲ್ಲಿ ಇದರ ಹಾವಳಿ ಹೆಚ್ಚು. ಮಾಂಸಕ್ಕಿಂತ ಮೂಳೆಯಲ್ಲಿ ಹೆಚ್ಚು ಶೇಖರವಾಗುವುದರಿಂದ, ಮುಳ್ಳುಸಮೇತ ತಿನ್ನುವ ಸಣ್ಣ ಮೀನಿನ ಬಗ್ಗೆ ಎಚ್ಚರ ಬೇಕು. ಬೇಯಿಸಿದರೂ ಹುರಿದರೂ ಸೀಸ ನಾಶವಾಗದು.

ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಮೂರ್ತಿಗೆ ಬಳಿಯುವ ಬಣ್ಣದ ಮೇಲೂ ಅಷ್ಟೇ ಕಟ್ಟುನಿಟ್ಟಿನ ನಿಗಾ ಇರಲಿ. ನಾವೂ ಬಣ್ಣವಿಲ್ಲದ ಮಣ್ಣಿನ ಗಣಪನನ್ನೇ ಮನೆಗೆ ತರೋಣ.

– ಓದುಗ, ಶಿವಮೊಗ್ಗ