ಕೆಮ್ಮಿದರೆ ಮೂತ್ರ ಸೋರುವುದೇ? ನಾಚಿಕೆ ಬಿಡಿ, ಚಿಕಿತ್ಸೆ ಇದೆ



ಗುರುಗಳಾದ ನಾವು ಇಂಥ ವಿಷಯ ಬರೆಯಬೇಕೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಪೂಜೆಗೆ ತಪ್ಪದೆ ಬರುತ್ತಿದ್ದ ತಾಯಿಯೊಬ್ಬರು ಬಾಗಿಲ ಬಳಿ ಕೂರತೊಡಗಿ, ಕೊನೆಗೆ ಬರುವುದನ್ನೇ ಬಿಟ್ಟರು. ಕೆಮ್ಮಿದರೂ ಸೀನಿದರೂ ಸೀರೆ ಒದ್ದೆಯಾಗುತ್ತಿತ್ತಂತೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಹಿಂದೂಪುರದ ಸುತ್ತ ಹಿಪ್ಪುನೇರಳೆ ಸೊಪ್ಪಿನ ಹೊರೆ, ಕಲ್ಯಾಣದುರ್ಗದ ಕಡೆ ಕಡಲೆಕಾಯಿ ಹೊಲದ ದುಡಿಮೆ, ಎಲ್ಲೆಡೆ ನೀರಿನ ಬಿಂದಿಗೆ; ಇವೆಲ್ಲ ಹೆಂಗಸರ ಪಾಲಿಗೇ. ಹೆರಿಗೆಯಿಂದ ಮೂತ್ರಕೋಶಕ್ಕೆ ಆಧಾರವಾದ ಸ್ನಾಯುಗಳು ಸಡಿಲವಾಗುತ್ತವೆ. ಮುಟ್ಟು ನಿಂತ ವಯಸ್ಸು, ಹಳೆಯ ಕೆಮ್ಮು, ಮಲಬದ್ಧತೆ, ಬೊಜ್ಜು, ಭಾರ ಹೊರುವುದು ತೊಂದರೆಯನ್ನು ಹೆಚ್ಚಿಸುತ್ತವೆ. ಹೊಟ್ಟೆಯ ಮೇಲೆ ಒತ್ತಡ ಬಿದ್ದೊಡನೆ, ಸಡಿಲಾದ ಕೆರೆತೂಬಿನಂತೆ ಮೂತ್ರ ಸೋರುತ್ತದೆ. ಇದು ಶಾಪವಲ್ಲ, ವಯಸ್ಸಾಯಿತೆಂದು ಸಹಿಸಬೇಕಾದದ್ದೂ ಅಲ್ಲ.

ಪತ್ತೆಹಚ್ಚುವುದು ಸುಲಭ. ವೈದ್ಯರು ವಿಚಾರಿಸಿ, ಕೆಮ್ಮಲು ಹೇಳಿ ನೋಡುತ್ತಾರೆ. ಸೋಂಕು, ಸಕ್ಕರೆ ಕಾಯಿಲೆ ಇದೆಯೇ ಎಂದು ಪರೀಕ್ಷಿಸುತ್ತಾರೆ. 3 ದಿನ ಎಷ್ಟು ನೀರು ಕುಡಿದಿರಿ, ಯಾವಾಗ ಸೋರಿತು ಎಂದು ಬರೆದಿಟ್ಟು ಒಯ್ದರೆ ಒಳ್ಳೆಯದು. ಅವಸರ ತಡೆಯಲಾರದೆ ದಾರಿಯಲ್ಲೇ ಮೂತ್ರ ಹೋಗುವುದು ಬೇರೆ ತೊಂದರೆ. ಅದರ ಚಿಕಿತ್ಸೆಯೂ ಬೇರೆ. ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಹಗಲಿರುಳೂ ಸೋರುತ್ತಿದ್ದರೆ ತಡಮಾಡಬೇಡಿ.

ಮೊದಲ ಮದ್ದಿಗೆ ಕಾಸಿಲ್ಲ. 1948ರಲ್ಲಿ ಅಮೆರಿಕದ ಡಾ. ಆರ್ನಾಲ್ಡ್ ಕೆಗೆಲ್ ಪ್ರಚಾರಕ್ಕೆ ತಂದ ವ್ಯಾಯಾಮವಿದು: ಹೊಟ್ಟೆಯ ಗಾಳಿ ತಡೆಯುವಾಗಿನಂತೆ ಒಳಸ್ನಾಯುಗಳನ್ನು ಬಿಗಿಹಿಡಿದು, ಸಡಿಲಿಸಿ. ಒಮ್ಮೆಗೆ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಉಸಿರು ಕಟ್ಟಬೇಡಿ. ಸೋರುವ ಭಯಕ್ಕೆ ನೀರು ಕುಡಿಯುವುದನ್ನು ಬಿಟ್ಟರೆ ನಮ್ಮ ಬಿಸಿಲಿನಲ್ಲಿ ಬೇರೆ ಕಾಯಿಲೆ ಬಂದೀತು.

ಇದರಿಂದ ಗುಣವಾಗದಿದ್ದರೆ ಶಸ್ತ್ರಚಿಕಿತ್ಸೆ ಇದೆ. ಕೃತಕ ಜಾಲರಿಯ ಪಟ್ಟಿಯಿಂದ ಕೆಲವರಿಗೆ ನೋವು ಉಳಿದದ್ದರಿಂದ 2018ರಲ್ಲಿ ಇಂಗ್ಲೆಂಡಿನಲ್ಲಿ ಅದರ ಬಳಕೆಗೆ ತಡೆ ಹಾಕಿದರು. ಆದ್ದರಿಂದ ಲಾಭನಷ್ಟ ಎರಡನ್ನೂ ಕೇಳಿ ತಿಳಿಯಿರಿ. ಗರ್ಭಕೋಶ ತೆಗೆಸಿದರೆ ಸರಿಹೋಗುತ್ತದೆಂಬ ಮಾತನ್ನು ಮಾತ್ರ ನಂಬಬೇಡಿ; ಅದು ಈ ತೊಂದರೆಗೆ ಚಿಕಿತ್ಸೆಯೇ ಅಲ್ಲ.

ಗಂಡಸರಿಗೆ ಒಂದು ಮಾತು. ಬಾಣಂತಿಯ ತಲೆಯ ಮೇಲಿನ ಬಿಂದಿಗೆಯನ್ನು ನೀವು ಹೊರಿ. ಮಡದಿ, ತಾಯಿ ನಾಚಿಕೆಯಿಂದ ಸುಮ್ಮನಿದ್ದರೆ ನೀವೇ ಕೇಳಿ, ಜೊತೆಗೆ ಆಸ್ಪತ್ರೆಗೆ ಹೋಗಿ. ಎಮ್ಮೆ ಮಂಕಾದರೆ ಅಂದೇ ಡಾಕ್ಟರನ್ನು ಕರೆಸುವ ನಾವು ಮನೆಯಾಕೆಯನ್ನು ವರ್ಷಗಟ್ಟಲೆ ಕಾಯಿಸುವುದು ನ್ಯಾಯವೇ?