ತಪ್ಪು ಬೆರಳಿನದಲ್ಲ, ಗುಂಡಿಯದು!

ಹಂಪನಕಟ್ಟೆಯಲ್ಲಿ ತಪ್ಪು ಬಸ್ಸು ಹತ್ತಿದವರಿಗೆ ಸಿಗುವ ಬೈಗುಳ ಒಂದೇ: "ಬೋರ್ಡು ಕಾಣುವುದಿಲ್ವಾ?" ಅಂಗಡಿಯ ಗಾಜಿನ ಬಾಗಿಲನ್ನು ಎಳೆಯಬೇಕಾದಲ್ಲಿ ದೂಡಿದವನಿಗೂ ಅದೇ ಮಂಗಳಾರತಿ. ಪಾಪ, ಅವನೂ ತಲೆ ತಗ್ಗಿಸಿ "ನಂದೇ ತಪ್ಪು ಮಾರಾಯ್ರೆ" ಅನ್ನುತ್ತಾನೆ.

ತಪ್ಪು ಬಾಗಿಲಿನದ್ದು ಎಂದು ಜಗತ್ತಿಗೆ ಸಾರಿದ ಪುಣ್ಯಾತ್ಮ ಅಮೆರಿಕದ ಡೊನಾಲ್ಡ್ ನಾರ್ಮನ್. ಇಂಜಿನಿಯರಿಂಗ್ ಓದಿ ಮನಶ್ಶಾಸ್ತ್ರಕ್ಕೆ ಹೊರಳಿದವರು. 1979ರಲ್ಲಿ ತ್ರೀ ಮೈಲ್ ಐಲೆಂಡ್ ಅಣುಸ್ಥಾವರ ಕೆಟ್ಟಾಗ ಕಾರಣ ಹುಡುಕಲು ಹೋದವರಲ್ಲಿ ಇವರೂ ಒಬ್ಬರು. ಕೆಲಸಗಾರರೇನೂ ದಡ್ಡರಲ್ಲ, ದೀಪ-ಗುಂಡಿ ಜೋಡಿಸಿದ ಕ್ರಮವೇ ದಾರಿ ತಪ್ಪಿಸುವಂಥದು ಎಂದರು. 1988ರಲ್ಲಿ ಈ ಬಗ್ಗೆ ಪುಸ್ತಕ ಬರೆದರು. 1993ರಲ್ಲಿ ಆಪಲ್ ಕಂಪೆನಿ ಅವರನ್ನು ಕರೆದುಕೊಂಡಿತು. ದೂಡುವುದೋ ಎಳೆಯುವುದೋ ತಿಳಿಯದ ಬಾಗಿಲಿಗೆ ಇಂದಿಗೂ 'ನಾರ್ಮನ್ ಬಾಗಿಲು' ಎಂದೇ ಹೆಸರು.

ಅಮೆರಿಕದವರೆಗೆ ಹೋಗುವುದೇಕೆ? ಮಂಗಳೂರಿನ ಮಗ್ಗುಲಲ್ಲೇ ಕಿನ್ನಿಕಂಬಳ ಉಂಟು. 1940ರಲ್ಲಿ ಅಲ್ಲಿ ಹುಟ್ಟಿದ ಕೆ.ಪಿ. ರಾವ್ ಮಾಡಿದ್ದೂ ಇಂಥದೇ ಕೆಲಸ. ಕನ್ನಡದ ಒತ್ತು, ಗುಣಿತಗಳ ದೊಡ್ಡ ಸಂತೆಯನ್ನು ಇಂಗ್ಲಿಷಿನ 26 ಗುಂಡಿಗಳಲ್ಲೇ ಕೂರಿಸಿದರು. ಉಪಾಯ ಸರಳ. ಅಕ್ಷರದ ಆಕಾರ ನೆನಪಿಡುವುದು ಬೇಡ, ಬಾಯಲ್ಲಿ ಹೇಳುವ ಕ್ರಮದಲ್ಲೇ ಒತ್ತಿದರೆ ಸಾಕು. 'ಅಕ್ಕ' ಬೇಕೇ? ಎ, ಕೆ, ಎಫ್, ಮತ್ತೆ ಕೆ. ಒತ್ತಕ್ಷರವನ್ನು ಕೆಳಗಿಳಿಸುವ ತಲೆಬಿಸಿ ಕಂಪ್ಯೂಟರಿನದ್ದು. ಸರಕಾರದ 'ನುಡಿ'ಯಲ್ಲಿರುವುದೂ ಬಹುಮಟ್ಟಿಗೆ ಅದೇ ಮಣೆ. ಕಚೇರಿಯ ಗುಮಾಸ್ತ, ಮದುವೆ ಕಾಗದ ಅಚ್ಚು ಹಾಕುವ ಹುಡುಗ ಕುಟ್ಟುವುದು ಅದನ್ನೇ. ಇದನ್ನು ಯಾರಿಗಾಗಿ ಮಾಡುತ್ತಿದ್ದೇನೆ ಎಂದು ಯೋಚಿಸಿ ಮಾಡಿದ ಕೆಲಸ ಅದು. ಅದಕ್ಕೇ ನಿಂತಿತು.

ಹಾಗಿರುವಾಗ ನಮ್ಮ ಶಹರದಲ್ಲಿ ಬಸ್ಸಿಗೆ ಬೋರ್ಡು ಬರೆಸುವವರಿಗೆ, ಅಂಗಡಿಗೆ ಬಾಗಿಲು ಇಡಿಸುವವರಿಗೆ, ಕಚೇರಿಗೆ ಟೋಕನ್ ಯಂತ್ರ ತರುವವರಿಗೆ ಅಷ್ಟು ಯೋಚನೆ ಯಾಕಿಲ್ಲ? ಒಂದು ತಪ್ಪು ಬಸ್ಸೆಂದರೆ ಹಳ್ಳಿಯಿಂದ ಬಂದ ಅಜ್ಜಿಗೆ ಆಸ್ಪತ್ರೆಯ ಚೀಟಿ ತಪ್ಪಿತು, ಒಂದು ದಿನವೇ ಹೋಯಿತು ಎಂದರ್ಥ. ಸಣ್ಣ ಮಾತಲ್ಲ.

ಮಹಾಶಯರೇ, ಉದ್ಘಾಟನೆಯ ರಿಬ್ಬನ್ ಕಟ್ಟುವ ಮೊದಲು ಅಂಥ ಒಬ್ಬ ಅಜ್ಜಿಯನ್ನು ಎದುರು ನಿಲ್ಲಿಸಿ. ಏನೂ ಹೇಳಿಕೊಡದೆ ಸುಮ್ಮನೆ ನೋಡಿ. ಅಜ್ಜಿ ತಡವರಿಸಿದರೆ ಬೈಯಬೇಡಿ, ಬೋರ್ಡು ತಿದ್ದಿ.

ಖರ್ಚು ಎಷ್ಟಾದೀತು? ಅಜ್ಜಿಗೊಂದು ಚಾ.