ಮನೆ ಮುಂದಿನ ಬೇಲಿಗೆ ಕವಳಿ ಯಾಕೆ ಬ್ಯಾಡ?

ನನ್ನ ಮಗ ಆಳಂದದ ಹೊರಗಿನ ಹೊಸ ಲೇಔಟಿನಲ್ಲಿ 30-40ರ ಪ್ಲಾಟ್ ತಗೊಂಡು ಮನೆ ಕಟ್ಟಿಸಿದ್ದಾನೆ. ಮುಂದೆ ಉಳಿದದ್ದು 6 ಅಡಿ ಜಾಗ. ಕಂಪೌಂಡ್ ಗೋಡೆಗೆ ರೊಕ್ಕ ಸಾಲಲಿಲ್ಲ. ವರ್ಷವಿಡೀ ಹಸಿರಿರುವ ಬೇಲಿ ಆಗಲಿ ಎಂದು ನರ್ಸರಿಯಿಂದ 30 ಡುರಾಂಟಾ ಸಸಿ ತಂದ.

ಎಲೆ ಬಂಗಾರದ ಬಣ್ಣ, ನೋಡಲು ಚೆಂದವೇ. ಆದರೆ ಬ್ಯಾಸಗಿ ಬಂತು. ಕೊಡ ಹಿಡಿದು ನಳದ ಮುಂದೆ ನಿಲ್ಲುವ ಕಾಲ. "ಮಾವಾರ, ಈ ನೀರು ಗಿಡಕ್ಕ ಹಾಕ್ಲೋ, ಭಾಂಡಿ ತಿಕ್ಲೋ?" ಅಂತ ಸೊಸೆ ಕೇಳಿದಳು. ನಾನೇನು ಹೇಳಲಿ! ಅರ್ಧ ಸಸಿ ಒಣಗಿದವು. ಉಳಿದದ್ದರಲ್ಲಿ ಹಳದಿ ಕಾಯಿ ಬಿಟ್ಟವು. ಡುರಾಂಟಾ ಕಾಯಿ ವಿಷ, ಮೊಮ್ಮಗ ಅದನ್ನೇ ಹಿಡಿದು ಆಡುತ್ತಿದ್ದ. ಅವತ್ತೇ ಕಿತ್ತು ಒಗೆಸಿದೆ. ಪಕ್ಕದ ಮನೆಯವರು ಫೈಕಸ್ ಹಾಕಿದ್ದಾರೆ. ಅದು ಆಲದ ಜಾತಿ. 6 ಅಡಿ ಜಾಗದಲ್ಲಿ ಅದರ ಬೇರು ಬುನಾದಿಗಲ್ಲದೆ ಎಲ್ಲಿಗೆ ಹೋಗಬೇಕು?

ನನ್ನ ಹೊಲದ ಬದುವಿನ ಮೇಲೆ 12 ವರ್ಷದಿಂದ ಕವಳಿ ಬೇಲಿ ಇದೆ. ಮೊದಲು ವರ್ಷಾ ಜಾಲಿಮುಳ್ಳು ಕಡಿದು ಒಡ್ಡುತ್ತಿದ್ದೆ. ಒರಲಿ ತಿಂದು ಮುಂದಿನ ಬ್ಯಾಸಗಿಗೆ ಮಣ್ಣು. ಆಡು ನುಗ್ಗಿ ಮೆಣಸಿನ ಸಸಿ ಮೇಯ್ದ ಮೇಲೆ ಕವಳಿ ಹಾಕಿದೆ. ಎಲೆ ಉದುರುವುದಿಲ್ಲ, ಕತ್ತರಿಸಿದಷ್ಟೂ ದಟ್ಟ ಆಗುತ್ತದೆ, ಮುಳ್ಳಿಗೆ ಆಡು ಮೂತಿ ಹಾಕುವುದಿಲ್ಲ. ಮನೆಯವಳು ವರ್ಷಾ 2 ಭರಣಿ ಉಪ್ಪಿನಕಾಯಿ ಹಾಕುತ್ತಾಳೆ.

ಬೀಜ ಒಣಗಿಸಿ ಇಡಬಾರದು. ಹಣ್ಣಿನಿಂದ ತೆಗೆದ ಕೂಡಲೇ ಚೀಲಕ್ಕೆ ಹಾಕಿ, ಮುಂದಿನ ಮುಂಗಾರಿಗೆ 2 ಅಡಿಗೊಂದು ನೆಡಬೇಕು. ಮೊದಲ ಎರಡು ಬ್ಯಾಸಗಿ 8-10 ದಿನಕ್ಕೊಮ್ಮೆ ಗಿಡಕ್ಕೆ ಒಂದು ತಂಬಿಗೆ ನೀರು ಕೊಟ್ಟೆ. ಆಮೇಲೆ ಕೊಟ್ಟಿಲ್ಲ.

ಕುಂದೂ ಹೇಳಬೇಕು. ಬೇಲಿ ಅನ್ನಿಸಿಕೊಳ್ಳಲು 3 ವರ್ಷ ಹಿಡಿಯಿತು. ಜೇವರ್ಗಿ ಕಡೆ ಕೊಟ್ಟ ಮಗಳಿಗೆ 40 ಸಸಿ ಒಯ್ದು ಕೊಟ್ಟಿದ್ದೆ. ಅಲ್ಲಿ ಎರಿ ಭೂಮಿ, ಮಳೆನೀರು ನಿಂತು ಅರ್ಧ ಕೊಳೆತವು. ಏರಿ ಹಾಕಿ ನೆಡು ಅಂತ ಹೇಳದೇ ಇದ್ದದ್ದು ನನ್ನದೇ ತಪ್ಪು. ಅಫಜಲಪುರದಲ್ಲಿ ಭೀಮಾ ದಂಡೆಯ ಕಬ್ಬಿನವರು ಬೇಕಾದ್ದು ಹಾಕಲಿ, ಅವರಿಗೆ ನೀರಿದೆ. ನಾನು ಹೇಳುವುದು ನಮ್ಮಂಥ ತೊಗರಿಯವರಿಗೆ.

ಮಗ ಒಪ್ಪಲಿಲ್ಲ. "ಯಪ್ಪಾ, ಮನಿ ಮುಂದ ಮುಳ್ಳಿನ ಗಿಡ ಛಲೋ ಅಲ್ಲ ಅಂತಾರ" ಅಂದ. ಹಾಗನ್ನುವವರು ಬಹಳ ಮಂದಿ. ನಮ್ಮಪ್ಪನ ಕಾಲದಲ್ಲಿ ಮುಳ್ಳುಬೇಲಿ ಇಲ್ಲದ ಹಿತ್ತಲೇ ಇರಲಿಲ್ಲ, ಆಗ ಯಾರ ಮನೆ ಕೆಟ್ಟಿತು? ಮಕ್ಕಳಿಗೆ ಮುಳ್ಳು ಚುಚ್ಚೀತು ಅಂದಿದ್ದರೆ ಒಪ್ಪುತ್ತಿದ್ದೆ, ಅದು ಖರೆ ಮಾತು. ಅದಕ್ಕೇ ಗೇಟಿನ ಎರಡೂ ಬದಿ 4 ಅಡಿ ಗೋರಂಟಿ ಕಡ್ಡಿ ಊರು ಅಂದೆ. ಅದಕ್ಕೂ ನೀರು ಕಡಿಮೆ ಸಾಕು, ಸೊಸೆಯ ಕೈಗೂ ಆಯಿತು.

ಈ ಮುಂಗಾರಿಗೆ ಗೋರಂಟಿ ಊರಿದ್ದಾನೆ. ನನ್ನ ಕವಳಿ ಸಸಿ 14 ಇನ್ನೂ ಅವನ ಜಗಲಿ ಮೇಲೆ ಚೀಲದಲ್ಲೇ ಕೂತಿವೆ. ಸೊಸೆ ಮಾತ್ರ ದಿನಾ ಅವಕ್ಕೆ ಅಕ್ಕಿ ತೊಳೆದ ನೀರು ಹಾಕುತ್ತಿದ್ದಾಳೆ.